250 ಆಂಪ್ ಮಿಗ್ ಮೆಷೀನ್: ಟಿಂಕರಿಂಗ್ ಶೆಡ್‌ನಲ್ಲಿ ಮೂರು ವರ್ಷ ಓಡಿಸಿದ ಮೇಲೆ

ಹಾಸನದ ಹತ್ತಿರ ನಮ್ಮದೊಂದು ಟಿಂಕರಿಂಗ್ ಶೆಡ್. ಶಿರಾಡಿ ಘಾಟಿಯಲ್ಲಿ ಗುದ್ದಿಕೊಂಡ ಗಾಡಿಗಳೇ ಜಾಸ್ತಿ ಬರುತ್ತವೆ. ಮೊದಲು ಗ್ಯಾಸ್ ವೆಲ್ಡಿಂಗ್ ಇತ್ತು. ಆಮೇಲೆ ಈ ಸಿಂಗಲ್ ಫೇಸ್ ಇನ್ವರ್ಟರ್ ಮಿಗ್ ಮೆಷೀನ್ ತಂದೆವು. ಮಿಗ್ ಅಂದರೆ ವೈರ್ ತಾನೇ ಮುಂದೆ ಬಂದು ಕರೆಂಟಿನ ಕಿಡಿಯಲ್ಲಿ (ಅದೇ ಆರ್ಕ್) ಕರಗಿ ಕೂರುವ, ಸುತ್ತ ಗ್ಯಾಸ್ ಕಾಯುವ ವೆಲ್ಡಿಂಗ್. ಮೂರು ವರ್ಷ ಆಗುತ್ತಾ ಬಂತು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ದೂರುಗಳೂ ಇವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಅಂಗಡಿಯವರು 250 ಆಂಪ್ ಅಂತ ದೊಡ್ಡದಾಗಿ ಹೇಳುತ್ತಾರೆ. ಗೇಟು, ಟ್ರೇಲರ್ ಮಾಡುವವರಿಗೆ ಅದು ಬೇಕು. ಕಾರಿನ ಹೊರಗಿನ ಶೀಟ್ 0.7, 0.8 ಎಂಎಂ ಅಷ್ಟೇ. ಅದಕ್ಕೆ 30ರಿಂದ 40 ಆಂಪ್ ಸಾಕು. ಅಷ್ಟು ಕೆಳಗೆ ಇಳಿಸಿದಾಗ ಆರ್ಕ್ ತಡವರಿಸದೆ ನಿಲ್ಲುತ್ತದಾ ಅನ್ನುವುದನ್ನು ನೋಡಬೇಕು. ನಮ್ಮದು 0.8 ಎಂಎಂ ವೈರ್‌ನಲ್ಲಿ ಸ್ವಲ್ಪ ಕೆಮ್ಮುತ್ತಿತ್ತು. 0.6 ವೈರ್ ಹಾಕಿ, ಅದಕ್ಕೆ ತಕ್ಕ ರೋಲರ್ (ವೈರ್ ತಳ್ಳುವ ಚಕ್ರ) ಮತ್ತು ಟಿಪ್ (ವೈರ್ ಹೊರಬರುವ ತುದಿ) ಬದಲಿಸಿದ ಮೇಲೆ ಸರಿಹೋಯಿತು. ಗ್ಯಾಸ್ ಕೂಡ ಬರೀ ಕಾರ್ಬನ್ ಡೈಆಕ್ಸೈಡ್ ಬೇಡ. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20ರ ಮಿಕ್ಸ್ ಹಾಕಿದರೆ ಕಿಡಿ ಹಾರುವುದೂ ಕಡಿಮೆ, ಶೀಟ್ ತೂತಾಗುವುದೂ ಕಡಿಮೆ.

ಗ್ಯಾಸ್ ವೆಲ್ಡಿಂಗ್‌ನಲ್ಲಿ ಡೋರ್ ಶೀಟ್ ಎಳೆದುಕೊಂಡು ಅಲೆ ಅಲೆ ಆಗುತ್ತಿತ್ತು. ಆಮೇಲೆ ಅದರ ಮೇಲೆ ಪುಟ್ಟಿ ಬಳಿಯುವುದೇ ದೊಡ್ಡ ಕೆಲಸ. ಈಗ ಚಿಕ್ಕ ಚಿಕ್ಕ ಚುಕ್ಕಿ ಹೊಡೆದು, ಇಲ್ಲೊಂದು ಅಲ್ಲೊಂದು ಬಿಟ್ಟು ಬಿಟ್ಟು ಹೋಗುತ್ತೇವೆ. ಶೀಟ್ ತಣ್ಣಗೇ ಇರುತ್ತದೆ. ಈ ಒಂದು ವಿಷಯಕ್ಕೇ ಮೆಷೀನ್‌ನ ದುಡ್ಡು ವಸೂಲಾಯಿತು.

ಆದರೆ ಮಿಗ್‌ನಲ್ಲಿ ಒಂದು ಮೋಸ ಇದೆ. ಕೆಳಗಿನ ಶೀಟ್ ಕರಗದಿದ್ದರೂ ವೈರ್ ಮಾತ್ರ ಮೇಲೆ ಕರಗಿ ಕೂರುತ್ತದೆ. ನೋಡಲು ಚೆಂದವಾಗಿಯೇ ಇರುತ್ತದೆ. ಗ್ರೈಂಡರ್ ಹೊಡೆದು ಪ್ರೈಮರ್ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ಶೂರೆನ್ಸ್ ಸರ್ವೇಯರ್‌ಗೂ ಫೋಟೊದಲ್ಲಿ ಕಾಣುವುದು ಬಣ್ಣ ಅಷ್ಟೇ. ಒಂದು ಕಾರಿನ ಬಾಡಿಯಲ್ಲಿ ಸುಮಾರು 3000ದಿಂದ 5000 ಸ್ಪಾಟ್ ವೆಲ್ಡ್ (ಫ್ಯಾಕ್ಟರಿಯಲ್ಲಿ ಎರಡು ಶೀಟ್ ಒತ್ತಿ ಕರೆಂಟ್ ಹಾಯಿಸಿ ಹಾಕಿದ ಚುಕ್ಕಿ ಬೆಸುಗೆ) ಇರುತ್ತವೆ. ನಾವು ಬಿಚ್ಚಿದ ಕಡೆಯೆಲ್ಲ ಅದರ ಬದಲು ಮೇಲಿನ ಶೀಟಿಗೆ 8 ಎಂಎಂ ತೂತು ಹಾಕಿ, ಕೆಳಗಿನ ಶೀಟಿನಿಂದ ಶುರುಮಾಡಿ ತುಂಬುತ್ತೇವೆ. ಇದೇ ಪ್ಲಗ್ ವೆಲ್ಡ್. ಅಂಚಿನಲ್ಲಿ ಶುರು ಮಾಡಿದರೆ ನಡುವೆ ಹಿಡಿಯುವುದೇ ಇಲ್ಲ.

ಅದಕ್ಕೇ ಶೆಡ್‌ನಲ್ಲಿ ಒಂದು ಪದ್ಧತಿ ಇದೆ. ಗಾಡಿಗೆ ಟಾರ್ಚ್ (ವೈರ್ ಬರುವ ವೆಲ್ಡಿಂಗ್ ಹಿಡಿ) ಮುಟ್ಟಿಸುವ ಮೊದಲು ಅದೇ ಗಾಡಿಯಿಂದ ಕತ್ತರಿಸಿ ತೆಗೆದ ತಗಡಿನ ಎರಡು ತುಂಡು ಜೋಡಿಸಿ ಹೊಡೆಯಬೇಕು. ತಣಿದ ಮೇಲೆ ಉಳಿ ಹಾಕಿ ಬಿಡಿಸಬೇಕು. ಕೆಳಗಿನ ಶೀಟಿನ ತುಂಡು ಕಿತ್ತು ವೆಲ್ಡ್ ಜೊತೆಯೇ ಬಂದರೆ ಸೆಟ್ಟಿಂಗ್ ಸರಿ. ವೆಲ್ಡ್ ಮಾತ್ರ ಪಟಕ್ಕನೆ ಬಿಟ್ಟರೆ ಮತ್ತೆ ಆಂಪ್ ಹೊಂದಿಸಬೇಕು. ಹುಡುಗರು ಶುರುವಿನಲ್ಲಿ ಗೊಣಗುತ್ತಿದ್ದರು. ಈಗ ಅವರೇ ಪೈಪೋಟಿಯ ಮೇಲೆ ಮಾಡುತ್ತಾರೆ. ಮೆಷೀನ್ ಎರಡೇ ವಾರದಲ್ಲಿ ಒಗ್ಗುತ್ತದೆ. ಕೈ ಪಳಗಲು ವರ್ಷ ಬೇಕು.

ಇನ್ನು ಮೆಷೀನ್ ಎಷ್ಟೇ ಒಳ್ಳೆಯದಿದ್ದರೂ ಉಪಯೋಗಕ್ಕೆ ಬಾರದ ಜಾಗ ಬಿ ಪಿಲ್ಲರ್, ಅಂದರೆ ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬ. ಈಗಿನ ಎಷ್ಟೋ ಗಾಡಿಗಳಲ್ಲಿ ಅದು ಬೋರಾನ್ ಸ್ಟೀಲ್. ಸುಮಾರು 900 ಡಿಗ್ರಿಗೆ ಕಾಯಿಸಿ, ಡೈ (ಅಚ್ಚು) ಒಳಗೇ ಒತ್ತಿ ತಣಿಸಿರುತ್ತಾರೆ. ಶಕ್ತಿ 1500 ಮೆಗಾಪ್ಯಾಸ್ಕಲ್ ಆಸುಪಾಸು. ನಾವು ಹಾಕುವ ಮಾಮೂಲಿ ವೈರ್ 500ರ ಹತ್ತಿರ. ಗುದ್ದಿ ಬಾಗಿದ ಪಿಲ್ಲರ್ ಅನ್ನು ಕಾಯಿಸಿ ಎಳೆದರೆ ನೇರವಾಗುತ್ತದೆ, ಜೊತೆಗೆ ಮೆತ್ತಗೂ ಆಗುತ್ತದೆ. ಮುಂದಿನ ಸಲ ಪಕ್ಕದಿಂದ ಗುದ್ದಿದಾಗ ಅದು ಒಳಗೇ ಬರುತ್ತದೆ, ಅಲ್ವಾ? ಮಾಮೂಲಿ ಡ್ರಿಲ್ ಬಿಟ್ ಕಚ್ಚದೆ ಜಾರಿ ಹಲ್ಲು ಕಳೆದುಕೊಂಡರೆ ಅನುಮಾನ ಪಡಬೇಕು. ಇಂಥ ಪಿಲ್ಲರ್ ಬಂದರೆ ಗಾಡಿ ಕಂಪನಿಯ ರಿಪೇರಿ ಮ್ಯಾನುಯಲ್ ಹೇಳಿದ ಜಾಗದಲ್ಲಷ್ಟೇ ಬಿಚ್ಚಿ ಹೊಸದು ಕೂರಿಸುತ್ತೇವೆ. ಮ್ಯಾನುಯಲ್ ಸಿಗದಿದ್ದರೆ ಗಾಡಿ ವಾಪಸ್. "ಪಕ್ಕದ ಶೆಡ್‌ನವರು ನಾಳೆಯೇ ಮಾಡಿಕೊಡ್ತಾರೆ" ಅಂತ ಬೈದು ಹೋದವರಿದ್ದಾರೆ. ಹೋಗಲಿ ಬಿಡಿ.

ಅಂಥವರಿಗೆ ನಾನು ಅಮೆರಿಕದ ಡಲ್ಲಾಸ್ ಕೇಸ್ ಹೇಳುತ್ತೇನೆ. ನಮ್ಮಲ್ಲಿ ಜಾಝ್ ಅಂತ ಮಾರಿದ ಹೋಂಡಾ ಫಿಟ್ ಕಾರು. ಆಲಿಕಲ್ಲು ಬಿದ್ದು ಹಾಳಾದ ರೂಫ್ ಬದಲಿಸುವಾಗ ಗ್ಯಾರೇಜ್‌ನವರು ಮ್ಯಾನುಯಲ್ ಹೇಳಿದ ಹಾಗೆ ವೆಲ್ಡ್ ಮಾಡದೆ ಅಂಟು ಹಾಕಿದ್ದರು. ಆಮೇಲೆ ಸೆಕೆಂಡ್ ಹ್ಯಾಂಡ್ ಕೊಂಡ ಗಂಡ ಹೆಂಡತಿಗೆ ಅದರ ಸುಳಿವೇ ಇರಲಿಲ್ಲ. 2013ರಲ್ಲಿ ಡಿಕ್ಕಿಯಾಗಿ ಅವರಿಬ್ಬರಿಗೂ ಭಾರಿ ಗಾಯ. 2017ರಲ್ಲಿ ಜ್ಯೂರಿ ಆ ಗ್ಯಾರೇಜ್‌ಗೆ 3 ಕೋಟಿ 15 ಲಕ್ಷ ಡಾಲರ್ ಕಟ್ಟಲು ಹೇಳಿತು.

ಈಗ ಮೆಷೀನ್ ಮೇಲಿನ ದೂರು. ಸಂಜೆ ವೋಲ್ಟೇಜ್ ಇಳಿದರೆ ಆರ್ಕ್ ಸಾಯುತ್ತದೆ, ಸ್ಟೆಬಿಲೈಸರ್ ಬೇಕೇ ಬೇಕು. ಪುಟ್ಟಿ ಉಜ್ಜುವ ಧೂಳು ಫ್ಯಾನಿನಿಂದ ಒಳಗೆ ಹೋಗಿ ಒಮ್ಮೆ ಬೋರ್ಡ್ ಸುಟ್ಟಿತು. ವಾರಂಟಿ ಇದ್ದರೂ ಸರ್ವೀಸ್‌ನವರು ಸತಾಯಿಸಿದರು. ಒಂದು ಸ್ಟಾರ್ ಹೋಗಿದ್ದು ಅದಕ್ಕೆ. ಜೊತೆಗೆ ಕೊಟ್ಟ ಅರ್ತ್ ಕ್ಲಾಂಪ್ (ಕರೆಂಟ್ ವಾಪಸ್ ಹೋಗಲು ಗಾಡಿಗೆ ಕಚ್ಚಿಸುವ ಕ್ಲಿಪ್) ಸುಮ್ನೆ ಲೆಕ್ಕಕ್ಕೆ, ಮೊದಲ ದಿನವೇ ಒಳ್ಳೆಯದು ಹಾಕಿಸಿ. ಅದನ್ನು ವೆಲ್ಡ್ ಹತ್ತಿರವೇ ಕಚ್ಚಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಇಲ್ಲದಿದ್ದರೆ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಕುತ್ತು. ಮಳೆಗಾಲದಲ್ಲಿ ವೈರ್ ತುಕ್ಕು ಹಿಡಿಯುತ್ತದೆ, ರಾತ್ರಿ ಸ್ಪೂಲ್ ತೆಗೆದು ಚೀಲದಲ್ಲಿ ಕಟ್ಟಿಡಬೇಕು. ಬಾಗಿಲಿನಿಂದ ಜೋರು ಗಾಳಿ ಬಂದರೆ ಗ್ಯಾಸ್ ಹಾರಿಹೋಗಿ ವೆಲ್ಡ್‌ನಲ್ಲಿ ಸೂಜಿತೂತು ಬೀಳುತ್ತದೆ, ಪರದೆ ಕಟ್ಟಿ.

ಕೊಳ್ಳುವವರು 0.8 ಎಂಎಂ ಶೀಟಿನ ನಾಲ್ಕು ತುಂಡು ಜೇಬಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ 35 ಆಂಪ್‌ಗೆ ಇಟ್ಟು ಹೊಡೆದು ನೋಡಿ. ಡೆಮೊ ಕೊಡಲ್ಲ ಅಂದರೆ ಬೇರೆ ಅಂಗಡಿ ನೋಡಿ. ಟಿಪ್ ಮತ್ತು ಲೈನರ್ (ವೈರ್ ಹಾದುಬರುವ ಒಳಕೊಳವೆ) ನಿಮ್ಮ ಊರಲ್ಲೇ ಸಿಗುತ್ತವಾ ಅಂತಲೂ ಕೇಳಿಕೊಳ್ಳಿ, ನಾವು ಅದಕ್ಕಾಗಿ ಬೆಂಗಳೂರಿಗೆ ಫೋನ್ ಮಾಡುತ್ತಾ ಕೂರಬೇಕು.