ಕೊಚ್ಚಿಯ ಫ್ಲ್ಯಾಟೋ, ಕಣ್ಣೂರಿನ ಮನೆಯೋ, ಕುಂಬಳೆಯ ಹತ್ತು ಸೆಂಟ್ಸೋ

ಉಳಿತಾಯಕ್ಕೆ ಸಣ್ಣದೊಂದು ಸಾಲ ಸೇರಿಸಿ 40 ಲಕ್ಷದೊಳಗೆ ಆಸ್ತಿ ಮಾಡಬೇಕೆಂದು ಹೊರಟ ನಮ್ಮ ಮುಂದೆ ಮೂರು ದಾರಿಗಳಿದ್ದವು: ಕೊಚ್ಚಿಯ ಕಾಕ್ಕನಾಡಿನಲ್ಲಿ ಫ್ಲ್ಯಾಟ್, ಕಣ್ಣೂರಿನ ಹೊರವಲಯದಲ್ಲಿ ಕಟ್ಟಿ ಮುಗಿಸಿದ ಮನೆ, ಕಾಸರಗೋಡಿನ ಆಸುಪಾಸಿನಲ್ಲಿ ಹತ್ತು ಸೆಂಟ್ಸ್ ಜಾಗ. ಮೂರನ್ನೂ ನೋಡಿದ ಮೇಲೆ ಕುಂಬಳೆಯ ಜಾಗವನ್ನು ಕೊಂಡೆವು. ನನ್ನ ಮನಸ್ಸು ಮೊದಲಿನಿಂದಲೂ ಅದರ ಕಡೆಗೇ ಇತ್ತು.

ನೋಂದಣಿಯ ಖರ್ಚಿನಲ್ಲಿ ಊರಿಂದೂರಿಗೆ ವ್ಯತ್ಯಾಸವಿಲ್ಲ. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2, 30 ಲಕ್ಷದ ಆಸ್ತಿಗೆ 3 ಲಕ್ಷ ಬೇರೆಯಾಗಿ ತೆಗೆದಿಡಬೇಕು.

ಬಾಡಿಗೆಯ ಆದಾಯವೇ ಮುಖ್ಯವಾದರೆ ಕೊಚ್ಚಿಗೆ ಸಾಟಿಯಿಲ್ಲ. ಐಟಿ ಕಂಪನಿಗಳ ಇನ್ಫೋಪಾರ್ಕ್ ಇರುವುದರಿಂದ ಕಾಕ್ಕನಾಡಿನಲ್ಲಿ ಬಾಡಿಗೆದಾರರಿಗೆ ಬರವಿಲ್ಲ. ಮೆಟ್ರೋದ ಎರಡನೆಯ ಹಂತವೂ ಅದೇ ದಿಕ್ಕಿಗೆ ಬರುತ್ತಿದೆ. ಆದರೆ ನಮ್ಮ ಮೊತ್ತಕ್ಕೆ ದೊರೆಯುವುದು ಚಿಕ್ಕ ಫ್ಲ್ಯಾಟ್, ಭೂಮಿಯಲ್ಲಿ ಒಂದು ಅವಿಭಾಜಿತ ಪಾಲು, ತಿಂಗಳು ತಿಂಗಳು ನಿರ್ವಹಣೆಯ ಶುಲ್ಕ. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ್ದಕ್ಕಾಗಿ 2020ರ ಜನವರಿಯಲ್ಲಿ ಮರಡಿನ ಫ್ಲ್ಯಾಟುಗಳನ್ನು ಕೆಡವಿದ್ದನ್ನು ಕಂಡವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯ ಜೊತೆಗೆ ಕಟ್ಟಡದ ಪರವಾನಗಿಯನ್ನೂ ಓದದೆ ಮುಂಗಡ ಕೊಡಬಾರದು. ಸೋರುವ ನಲ್ಲಿಯೊಂದನ್ನು ದುರಸ್ತಿ ಮಾಡಿಸಲು ಕಾಸರಗೋಡಿನಿಂದ ಎರ್ನಾಕುಲಂವರೆಗೆ ರೈಲು ಹತ್ತುವುದು ನನ್ನಿಂದಾಗದು.

ಕಣ್ಣೂರಿನ ಮನೆ ಚೆನ್ನಾಗಿತ್ತು. 2018ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಮಟ್ಟನ್ನೂರಿನ ಕಡೆಗೆ ಬೇಡಿಕೆಯಿದೆ ಎಂದು ತೋರಿಸಿದವರು ಹೇಳಿದರು. ಬೆಲೆ ನಮ್ಮ ಕೈಗೆ ಮೀರಿತ್ತು.

ಕಾಸರಗೋಡಿನಲ್ಲಿ ನಿಜವಾದ ತೊಡಕು ಬೇರೆಯೇ ಇದೆ. ಮೊದಲು ನೋಡಿದ್ದು ಮಧೂರಿನ ಕಡೆಯ ಒಂದು ಜಾಗ. ರಸ್ತೆಯ ಬದಿ, ಫಲ ಬಿಡುವ ತೆಂಗು, ನೀರಿರುವ ಬಾವಿ, ಒಪ್ಪುವಂಥ ಬೆಲೆ. ತೀರ್ವೆ (ಭೂಕಂದಾಯ) ರಶೀದಿಯೂ ಸರಿಯಾಗಿತ್ತು. ಆದರೆ ವಿಲೇಜ್ ಆಫೀಸಿನ ಮೂಲ ತೆರಿಗೆ ದಾಖಲೆಯಲ್ಲಿ ಅದೇ ಸರ್ವೆ ನಂಬರಿನ ಮುಂದೆ ‘ನಿಲಂ’, ಅಂದರೆ ಗದ್ದೆ, ಎಂದು ಬರೆದಿತ್ತು. ಕೃಷಿ ಭವನದಲ್ಲಿ ವಿಚಾರಿಸಿದರೆ ಗದ್ದೆ, ಜೌಗು ಭೂಮಿಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿಯೂ ಅದು ಗದ್ದೆಯೆಂದೇ ಸೇರಿತ್ತು. ಮಧ್ಯವರ್ತಿ ಮಾತ್ರ ಅದನ್ನೆಲ್ಲ ಆಮೇಲೆ ಸರಿಪಡಿಸಬಹುದೆಂದು ಪಟ್ಟು ಹಿಡಿದರು.

ಆ ಆಮೇಲಿನ ಕೆಲಸ ಎಷ್ಟೆಂಬುದನ್ನು ಕೊಳ್ಳುವವರು ತಿಳಿದಿರಲೇಬೇಕು. 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಾಯಿದೆ ಬರುವ ಮೊದಲೇ ಜಾಗ ತೋಟವಾಗಿತ್ತು ಎಂಬುದು ದೃಢಪಟ್ಟರೆ ಮಾತ್ರ ಡೇಟಾ ಬ್ಯಾಂಕಿನಿಂದ ಹೆಸರು ತೆಗೆಯುತ್ತಾರೆ. ಅದಕ್ಕೆ ಕಂದಾಯ ವಿಭಾಗಾಧಿಕಾರಿಗೆ (ಆರ್‌ಡಿಒ) ಫಾರಂ 5 ಕೊಡಬೇಕು. ಕೃಷಿ ಅಧಿಕಾರಿಯ ವರದಿ ಬರಬೇಕು, ಸಂಶಯವಿದ್ದರೆ ಹಳೆಯ ಉಪಗ್ರಹ ಚಿತ್ರಗಳ ವರದಿಯನ್ನೂ ತರಿಸುತ್ತಾರೆ. ಹೆಸರು ಹೋದ ಮೇಲೆ ಕಂದಾಯ ದಾಖಲೆಯನ್ನು ಬದಲಿಸಲು ಫಾರಂ 6ರಲ್ಲಿ ಇನ್ನೊಂದು ಅರ್ಜಿ. ಅಲ್ಲಿಯವರೆಗೆ ಮನೆ ಕಟ್ಟಲು ಪರವಾನಗಿ ಸಿಗದು, ಮನೆಸಾಲಕ್ಕೆ ಬ್ಯಾಂಕೂ ಒಪ್ಪದು. ತೆಂಗಿನ ವಯಸ್ಸನ್ನು ನೋಡಿ ಜಾಗದ ಜಾತಿಯನ್ನು ನಿರ್ಧರಿಸುವ ನಮ್ಮೂರಿನ ಅಭ್ಯಾಸ ಇಲ್ಲಿ ಏನೂ ಸಹಾಯಕ್ಕೆ ಬರುವುದಿಲ್ಲ. ಆದ್ದರಿಂದ ಮಧೂರಿನ ಜಾಗವನ್ನು ಬಿಟ್ಟೆವು.

ಕುಂಬಳೆಯದು ಮುರಕಲ್ಲಿನ ಗುಡ್ಡದ ಜಾಗ. ದಾಖಲೆಯಲ್ಲಿ ‘ಪುರಯಿಡಂ’, ಅಂದರೆ ಗದ್ದೆಯಲ್ಲದ ಮನೆ-ತೋಟದ ಜಾಗ, ಎಂದೇ ಇದೆ. ಬಾವಿಯನ್ನು ಆಳಕ್ಕೆ ತೋಡಬೇಕು, ಬೇಸಿಗೆಯಲ್ಲಿ ನೀರಿನ ಚಿಂತೆ ಇದ್ದೇ ಇರುತ್ತದೆ. ಆದರೂ ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಮಂಗಳೂರಿನ ಆಸ್ಪತ್ರೆ, ಕಾಲೇಜುಗಳಿಗೆ ಹೋಗಿಬರುವುದು ಹಗುರವಾಗಿದೆ. ಮೂಲ ಆಧಾರ (ಜಾಗದ ಕ್ರಯಪತ್ರ) ಕನ್ನಡದಲ್ಲಿದ್ದುದರಿಂದ ಗಡಿಗುರುತುಗಳನ್ನು ನಾನೇ ಓದಿ, ಆಧಾರವನ್ನು ಕೈಯಲ್ಲಿ ಹಿಡಿದು ಜಾಗದ ನಾಲ್ಕು ಮೂಲೆಗಳಿಗೂ ನಡೆದು ತಾಳೆ ನೋಡಿದೆ.

ಭಾನುವಾರ ಹೋಗಿ ಗಿಡ ನೆಡುವವನಿಗೆ, ಮಾಸಿಕ ಕಂತನ್ನು ಸಂಬಳದ ನಾಲ್ಕನೆಯ ಒಂದು ಪಾಲಿಗಿಂತ ಮೇಲೇರಿಸಲು ಒಪ್ಪದವನಿಗೆ ಇದೇ ಸರಿ. ಮಕ್ಕಳು ಕೊಚ್ಚಿಯಲ್ಲಿಯೇ ಉದ್ಯೋಗದಲ್ಲಿದ್ದರೆ ಕಾಕ್ಕನಾಡನ್ನೇ ನೋಡಿ ಎನ್ನುತ್ತೇನೆ. ಕಾಸರಗೋಡಿನಲ್ಲಿ ಕೊಳ್ಳುವವರು, ಜಾಗ ಡೇಟಾ ಬ್ಯಾಂಕಿನಲ್ಲಿ ಕಂಡುಬಂದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಲಿ; ಕುಂಬಳೆಯವರು ಅದಕ್ಕೆ ಒಂದು ಮಾತೂ ಎದುರಾಡದೆ ಸಹಿ ಹಾಕಿದರು.