ಹಳೆಯ ಭಾವಗೀತೆ ಸಂಗ್ರಹವನ್ನು ಕೇಳಲು ಯಾವುದು ಸೂಕ್ತ: ಕ್ಯಾಸೆಟ್, ಸಿ.ಡಿ., ಸ್ಟ್ರೀಮಿಂಗ್?
1978ರ ‘ನಿತ್ಯೋತ್ಸವ’ ಭಾವಗೀತೆ ಕ್ಯಾಸೆಟ್‌ನ ನಂತರ ಕವಿ, ಸಂಯೋಜಕ ಮತ್ತು ಹಲವು ಗಾಯಕರು ಕೂಡಿ ರೂಪಿಸಿದ, ಇಂದು ಹೆಚ್ಚು ಜನ ನೆನೆಯದ ಭಾವಗೀತೆ ಸಂಗ್ರಹಗಳನ್ನು ಮತ್ತೆ ಕೇಳಬಯಸುವವರಿಗೆ ಸ್ಟ್ರೀಮಿಂಗ್ ಅಗ್ಗವೂ ಸುಲಭವೂ ಹೌದು; ಆದರೆ ಅಲ್ಲಿ ಹಾಡುಗಳು ಚದುರಿಹೋಗಿ, ವಾದ್ಯಗಾರರ ಹೆಸರುಗಳು ಬಹಳ ಸಲ ಕಾಣೆಯಾಗಿರುತ್ತವೆ, ಮತ್ತು ಇದು ಸಣ್ಣ ನಷ್ಟವಲ್ಲ. ಕ್ಯಾಸೆಟ್‌ನಲ್ಲಾದರೆ ಎರಡು ಬದಿಗಳಿಗೆ ಹಾಡುಗಳನ್ನು ಹಂಚಿದ ಕ್ರಮ ಹಾಗೆಯೇ ಉಳಿದಿರುತ್ತದೆ. ಆದರೆ ಟೇಪಿಗೆ ಬೂಷ್ಟು ಹಿಡಿದಿಲ್ಲವೆಂದು ನೋಡಿಯೇ ಕೊಳ್ಳಬೇಕು, ಪ್ಲೇಯರ್ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಲೆಯಬೇಕಾದೀತು. ಸಿ.ಡಿ.ಯನ್ನು ಲೇಸರ್ ಓದುವುದರಿಂದ ಕೇಳಿದಷ್ಟೂ ಸವೆಯುವ ಭಯವಿಲ್ಲ. ಮೆಟ್ರೊದಲ್ಲಿ ಕೇಳುವವರಿಗೆ ಸ್ಟ್ರೀಮಿಂಗ್ ಸಾಕು. ಮನೆಮಂದಿಯೊಡನೆ ಪದೇ ಪದೇ ಕೇಳುವವರಿಗೆ ಸಿ.ಡಿ. ಅನುಕೂಲ, ಮೂಲ ಮುದ್ರಿಕೆಯನ್ನೇ ಕಾಪಿಡಬಯಸುವವರು ಮಾತ್ರ ಕ್ಯಾಸೆಟ್ ಹುಡುಕಲಿ.