ಮಿನೆಸೋಟದ ಚಳಿಯಲ್ಲಿ ಸೆಕೆಂಡ್ ಹ್ಯಾಂಡ್ ಪ್ರಿಯಸ್: ಹೀಟರ್ ಜಗಳ ಮತ್ತು ಒಂದು ಫ್ಲಾಸ್ಕ್

ಎಂಜಿನ್ ಎಷ್ಟು ಸಿಸಿ, ಡಿಕ್ಕಿ ಎಷ್ಟು ಲೀಟರ್, ಸ್ಪೀಕರ್ ಎಷ್ಟು ಅಂತ ತಿಳಿಯೋಕೆ ಬಂದಿದ್ದರೆ ಇಲ್ಲಿ ಅದೇನೂ ಸಿಗಲ್ಲ. ಅದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ. ನನ್ನದು 2008ರ ಟೊಯೋಟಾ ಪ್ರಿಯಸ್, ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಕಾರು. ಎರಡನೇ ತಲೆಮಾರಿನದು, ಇಲ್ಲಿ ಅಮೆರಿಕದಲ್ಲಿ 2004ರಿಂದ 2009ರವರೆಗಿನ ಮಾಡೆಲ್ ಆಗಿ ಮಾರಾಟವಾದದ್ದು. ನಾನು ಕೊಂಡಾಗಲೇ ಒಂದು ಲಕ್ಷ ಮೈಲಿ ದಾಟಿತ್ತು. ಆಗ ಹೊಸದಾಗಿ ಮದುವೆ, ಕೈಯಲ್ಲಿ ದುಡ್ಡು ಕಮ್ಮಿ, ಕಾರಿಗೆ ಸಾಲ ಮಾಡಲ್ಲ ಅನ್ನೋದು ನಮ್ಮಪ್ಪನಿಂದ ಬಂದ ಹಟ. ಮನೆ ಮಿನಿಯಾಪೊಲಿಸ್ ಪಕ್ಕದ ಸೇಂಟ್ ಲೂಯಿಸ್ ಪಾರ್ಕ್‌ನಲ್ಲಿ. ಅಪಾರ್ಟ್‌ಮೆಂಟಿಗೆ ಗ್ಯಾರೇಜ್ ಇಲ್ಲ, ರಾತ್ರಿ ಕರೆಂಟಿನಿಂದ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರಿಗೆ ವೈರ್ ಎಳೆಯೋಣ ಅಂದರೆ ಹೊರಗೆ ಪ್ಲಗ್ ಪಾಯಿಂಟ್ ಕೂಡ ಇಲ್ಲ. ರಾತ್ರಿಯಿಡೀ ಕಾರು ಬಯಲಲ್ಲೇ. ಆಫೀಸು ಹತ್ತಿರ, ಐದಾರು ಮೈಲಿ ಅಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವ ಎಲ್ಲದಕ್ಕೂ ಇದೇ ಮೂಲ.

ಬೇಸಿಗೆಯಲ್ಲಿ ಈ ಕಾರಿನ ಬಗ್ಗೆ ದೂರೋಕೆ ಏನೂ ಇಲ್ಲ. ಸರ್ಕಾರಿ ರೇಟಿಂಗ್ ಗ್ಯಾಲನ್ನಿಗೆ 46 ಮೈಲಿ, ಅಂದರೆ ಲೀಟರಿಗೆ 19-20 ಕಿಲೋಮೀಟರ್. ಜೂನ್, ಜುಲೈನಲ್ಲಿ ನನಗೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಸುಮ್ನಾಗುತ್ತದೆ, ಪಕ್ಕದವನ ಹಾಡು ಕೇಳುತ್ತದೆ. ನವೆಂಬರ್ ಬಂತು ಅಂದರೆ ಈ ಸಂಭ್ರಮ ಮುಗಿಯಿತು.

ಯಾಕೆ ಅಂತ ಹೇಳುತ್ತೇನೆ. ಹೈಬ್ರಿಡ್ ಕಾರು ಪೆಟ್ರೋಲ್ ಉಳಿಸುವುದೇ ಎಂಜಿನ್ ನಿಲ್ಲಿಸಿ. ಚಳಿಗಾಲದಲ್ಲಿ ನಮಗೆ ಬೇಕಾದ ಬಿಸಿ ಗಾಳಿ ಬರುವುದೋ ಎಂಜಿನ್ ಸುತ್ತ ಹರಿದು ಅದರ ಬಿಸಿ ಹೀರುವ ದ್ರವದ, ಅಂದರೆ ಕೂಲಂಟ್‌ನ ಶಾಖದಿಂದ. ಹೀಟರ್ ಹಾಕಿ ಕೂತರೆ ಕೂಲಂಟ್ ತಣ್ಣಗಾಗುತ್ತದೆ, ಅದನ್ನು ಬಿಸಿ ಮಾಡೋಕೆ ಎಂಜಿನ್ ಮತ್ತೆ ಶುರುವಾಗುತ್ತದೆ. ಕಾರು ನಿಂತಿದೆ, ಬ್ಯಾಟರಿ ತುಂಬಿದೆ, ಆದರೂ ಎಂಜಿನ್ ಓಡುತ್ತಾ ಇದೆ, ಬರೀ ನಮ್ಮ ಕಾಲು ಬೆಚ್ಚಗಿಡೋಕೆ! ಕೂಲಂಟ್ ಸುಮಾರು 70 ಡಿಗ್ರಿ ಮುಟ್ಟುವವರೆಗೆ ಈ ಕಾರು ತನ್ನ ನಿಜವಾದ ಹೈಬ್ರಿಡ್ ಆಟ ಆಡುವುದೇ ಇಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಬೆಳಿಗ್ಗೆ ಅಷ್ಟು ಬಿಸಿಯಾಗುವ ಹೊತ್ತಿಗೆ ನನ್ನ ಆಫೀಸೇ ಬಂದಿರುತ್ತದೆ. ಅಮೆರಿಕದ ಇಂಧನ ಇಲಾಖೆಯೇ ಕೊಡುವ ಲೆಕ್ಕ ನೋಡಿ: ಹೊರಗೆ 25 ಡಿಗ್ರಿ ಇದ್ದಾಗ ಸಿಗುವ ಮೈಲೇಜ್‌ಗೆ ಹೋಲಿಸಿದರೆ, ಮೈನಸ್ 7ರಲ್ಲಿ ಮಾಮೂಲಿ ಪೆಟ್ರೋಲ್ ಕಾರಿಗೆ ಸುಮಾರು 15 ಶೇಕಡಾ ಕಮ್ಮಿ ಬರುತ್ತದೆ, ಹೈಬ್ರಿಡ್‌ಗೆ 30ರಿಂದ 34 ಶೇಕಡಾ. ಮೈನಸ್ 7 ಅಂದರೆ ಇಲ್ಲಿ ಜನವರಿಯಲ್ಲಿ ಒಳ್ಳೆ ಹವೆ, ಜನ ಜಾಕೆಟ್ ಜಿಪ್ ಬಿಚ್ಚಿಕೊಂಡು ಓಡಾಡುವ ದಿನ.

ಇದರಿಂದ ನಮ್ಮ ಮನೆಯಲ್ಲಿ ವರ್ಷಾವರ್ಷ ಒಂದು ಜಗಳ. ನಾನು ಹೀಟರ್ ತಾಪಮಾನ ಇಳಿಸುತ್ತೇನೆ, ಫ್ಯಾನ್ ಕಮ್ಮಿ ಮಾಡುತ್ತೇನೆ, ಎಂಜಿನ್ ನಿಂತಾಗ ಖುಷಿಯಾಗುತ್ತೇನೆ. ಹೆಂಡತಿ ಪಕ್ಕದ ಸೀಟಿನಲ್ಲಿ ಟೋಪಿ, ಮಫ್ಲರ್ ಹಾಕಿಕೊಂಡು ಕೂತು ಹೇಳುತ್ತಾಳೆ: “ರೀ, ಒಂದು ಡಾಲರ್ ಪೆಟ್ರೋಲ್ ಉಳಿಸೋಕೆ ನಾನು ಐಸ್ ಆಗ್ಬೇಕಾ? ಊರಲ್ಲಿ ನಿಮ್ಮಮ್ಮನಿಗೆ ಫೋನ್ ಮಾಡಿ ಹೇಳ್ತೀನಿ ನೋಡಿ.” ಹೇಳಿಯೂ ಇದ್ದಾಳೆ. ಅಮ್ಮ ಹಾಸನದಿಂದ ನನಗೇ ಬೈದರು, “ಅಷ್ಟು ಜುಗ್ಗ ಯಾಕಾದ್ಯೋ, ಹಾಕೋ ಹೀಟರ್ನಾ.” ಕೊನೆಗೆ ರಾಜಿಯಾದದ್ದು ಸೀಟಿನ ಮೇಲೆ ಹಾಸುವ, ಸಿಗರೇಟ್ ಲೈಟರ್ ಪಾಯಿಂಟಿಗೆ ಚುಚ್ಚುವ ಬಿಸಿ ಕುಶನ್‌ನಿಂದ. ಬೆನ್ನು ಬೆಚ್ಚಗಿದ್ದರೆ ಮುಖಕ್ಕೆ ಗಾಳಿ ಅಷ್ಟು ಬೇಡ. ಆದರೆ ಗಾಜಿಗೆ ಬೇಕೇ ಬೇಕು. ಒಳಗೆ ಉಸಿರಿನ ಮಂಜು ಕಟ್ಟಿದಾಗ ಡಿಫ್ರಾಸ್ಟ್ ಒತ್ತಲೇಬೇಕು, ಆಗ ಮೈಲೇಜ್ ಲೆಕ್ಕ ಎಲ್ಲ ಮರೆತುಬಿಡಿ.

ಇನ್ನು ನನ್ನ ಪ್ರೀತಿಯ ಕೆಲಸ, ಫೋಮ್ ಹಚ್ಚುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರಿನ ಪೈಪಿಗೆ ತೊಡಿಸೋಕೆ ಕಪ್ಪು ಫೋಮ್ ಕೊಳವೆ ಸಿಗುತ್ತದೆ, ಉದ್ದಕ್ಕೂ ಒಂದು ಸೀಳು ಇರುತ್ತದೆ. ಹಳೇ ಪ್ರಿಯಸ್ ಇಟ್ಟುಕೊಂಡ ಚಳಿ ಊರಿನವರಿಗೆಲ್ಲ ಇದು ಗೊತ್ತು. ಆ ಸೀಳನ್ನು ಬಿಡಿಸಿ ಮುಂದಿನ ಗ್ರಿಲ್‌ನ ಅಡ್ಡಪಟ್ಟಿಗಳ ಮೇಲೆ ಕೂರಿಸಿದರೆ ತಣ್ಣನೆ ಗಾಳಿ ರೇಡಿಯೇಟರಿಗೆ ನೇರ ಹೊಡೆಯುವುದು ನಿಲ್ಲುತ್ತದೆ, ಎಂಜಿನ್ ಬೇಗ ಬಿಸಿಯಾಗುತ್ತದೆ, ಬಿಸಿ ಉಳಿಯುತ್ತದೆ. ನಾನು ಅಡುಗೆಮನೆ ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ, ಒಂದೊಂದು ತುಂಡಿನ ಹಿಂದೆ ಬಿಳಿ ಪೆನ್ನಿನಲ್ಲಿ ‘ಮೇಲೆ ಎಡ’, ‘ಕೆಳಗೆ ನಡು’ ಅಂತ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ದೀಪಾವಳಿ ಆಸುಪಾಸು ಹಾಕುವುದು, ಯುಗಾದಿ ಕಳೆದ ಮೇಲೆ ತೆಗೆಯುವುದು. ಬೆರಳು ಮರಗಟ್ಟುವ ಮೊದಲೇ ಹಾಕಿ ಮುಗಿಸಬೇಕು, ಮೈನಸ್ಸಿಗೆ ಇಳಿದ ಮೇಲೆ ಫೋಮ್ ಗಟ್ಟಿಯಾಗಿ ಬಾಗುವುದೇ ಇಲ್ಲ. ಹವೆ 10 ಡಿಗ್ರಿ ದಾಟಿದರೆ ಮರೆಯದೆ ತೆಗೆಯಿರಿ, ಇಲ್ಲದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುವ ಭಯ ಇದೆ. ಕೂಲಂಟ್ ಎಷ್ಟು ಬಿಸಿಯಿದೆ ಅಂತ ತೋರಿಸುವ ಮುಳ್ಳು ಈ ಕಾರಿನಲ್ಲಿಲ್ಲ. ಅದಕ್ಕೇ ಸ್ಟೀರಿಂಗ್ ಕೆಳಗೆ ಚುಚ್ಚುವ, ಕಾರಿನ ಕಂಪ್ಯೂಟರಿನ ಮಾಹಿತಿ ಮತ್ತು ದೋಷದ ಕೋಡ್ ಓದುವ ಅಗ್ಗದ ಒಬಿಡಿ ರೀಡರ್ ತಂದು ಫೋನಿನಲ್ಲಿ ನೋಡುತ್ತಿರುತ್ತೇನೆ. ಅಷ್ಟೆಲ್ಲ ಮಾಡಿ ಎಷ್ಟು ಉಳಿಯುತ್ತದೆ ಅಂದರೆ, ಗ್ಯಾಲನ್ನಿಗೆ ಒಂದೆರಡು ಮೈಲಿ. ಸಾಕು ನನಗೆ.

ಈಗ ಫ್ಲಾಸ್ಕ್ ವಿಷಯಕ್ಕೆ ಬರುತ್ತೇನೆ. ಈ ವಿಮರ್ಶೆ ಬರೆಯೋಕೆ ಕೂತದ್ದೇ ಅದಕ್ಕಾಗಿ.

ಕಾರು ಕೊಂಡ ಹೊಸದರಲ್ಲಿ ಆಫ್ ಮಾಡಿ ಇಳಿದರೆ ಮುಂದಿನ ಎಡಗಡೆಯಿಂದ ಸಣ್ಣಗೆ ಗುಂಯ್ ಅಂತ ಸದ್ದು ಬರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೂ ಅದೇ ಸದ್ದು, ಇನ್ನೂ ಬಟನ್ ಒತ್ತಿಲ್ಲ! ಏನೋ ಕೆಟ್ಟಿದೆ ಅಂದುಕೊಂಡು ಮ್ಯಾನ್ಯುಯಲ್, ಇಂಟರ್ನೆಟ್ ಎಲ್ಲ ಜಾಲಾಡಿದಾಗ ಗೊತ್ತಾಯಿತು. ಮುಂದಿನ ಬಂಪರ್ ಹಿಂದೆ, ಎಡಗಡೆ, ಈ ಕಾರಿಗೆ ಒಂದು ನಿಜವಾದ ಥರ್ಮಾಸ್ ಫ್ಲಾಸ್ಕ್ ಇದೆ. ನಾವು ಕಾಫಿ ತುಂಬಿಸಿಕೊಂಡು ಹೋಗುವ ಫ್ಲಾಸ್ಕಿನ ಹಾಗೇ ಎರಡು ಗೋಡೆ, ನಡುವೆ ನಿರ್ವಾತ. ಕಾರು ಆಫ್ ಆದಾಗ ಒಂದು ಪಂಪು ಸುಮಾರು ಮೂರು ಲೀಟರ್ ಬಿಸಿ ಕೂಲಂಟನ್ನು ಅದರೊಳಗೆ ತುಂಬಿಡುತ್ತದೆ. ಮರುದಿನ ನೀವು ಹೊರಡುವ ಮೊದಲು ಆ ಬಿಸಿಯನ್ನು ಎಂಜಿನ್ನಿನ ತಲೆಗೆ ಕಳಿಸುತ್ತದೆ. ಮೂರು ದಿನದವರೆಗೂ ಬಿಸಿ ಉಳಿಯುತ್ತದೆ ಅನ್ನುತ್ತಾರೆ, ನಮ್ಮ ಚಳಿಗೆ ಅಷ್ಟೆಲ್ಲ ನಂಬಲ್ಲ, ಒಂದು ರಾತ್ರಿ ದಾಟಿದರೆ ನನಗೆ ಬೇಕಾದಷ್ಟಾಯಿತು. ಇದನ್ನು ಇಟ್ಟದ್ದು ನಮ್ಮ ಸುಖಕ್ಕಲ್ಲ, ಹೊಗೆ ಕಮ್ಮಿ ಮಾಡೋಕೆ. ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ, ಮೊದಲ ಕೆಲವು ಕ್ಷಣ ಹೊರಬರುವ ಹೊಗೆಯೇ ಜಾಸ್ತಿ ಕೊಳಕು. ಉತ್ತರ ಅಮೆರಿಕದ ಕಾರುಗಳಿಗೆ ಮಾತ್ರ ಈ ಫ್ಲಾಸ್ಕ್ ಕೊಟ್ಟರು. 2010ರ ಮಾಡೆಲ್‌ನಿಂದ ಇದನ್ನು ತೆಗೆದು, ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದಲೇ ಕೂಲಂಟ್ ಕಾಯಿಸುವ ವ್ಯವಸ್ಥೆ ಹಾಕಿದರು. ಆ ಬುದ್ಧಿ ಇನ್ನೂ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಗಾಳಿಗೆ ಮೂಗು ಉರಿಯುವ ಕತ್ತಲೆ ಬೆಳಿಗ್ಗೆ, ಬಾಗಿಲು ತೆಗೆದ ಕೂಡಲೇ ನಿನ್ನೆಯ ಬಿಸಿಯನ್ನು ಎತ್ತಿಟ್ಟುಕೊಂಡು ಕಾದಿರುವ ಈ ಸದ್ದು ಕೇಳಿದರೆ ನನಗೆ ಏನೋ ಸಮಾಧಾನ.

ಆ ಸಮಾಧಾನಕ್ಕೆ ಬಿಲ್ ಕೂಡ ಬಂತು. ಮೂರು ಕಡೆ ಕೂಲಂಟ್ ತಿರುಗಿಸುವ ಒಂದು ವಾಲ್ವ್ ಈ ಫ್ಲಾಸ್ಕಿಗಿದೆ. ಇಷ್ಟು ಹಳೇ ಗಾಡಿ, ಇಷ್ಟು ಚಳಿ, ಒಂದು ಫೆಬ್ರವರಿಯಲ್ಲಿ ಅದು ಸಿಕ್ಕಿಹಾಕಿಕೊಂಡು ಚೆಕ್ ಎಂಜಿನ್ ದೀಪ ಹತ್ತಿತು. ಹತ್ತಿರದ ಗ್ಯಾರೇಜಿಗೆ ಒಯ್ದೆ, ಹೆಸರು ಬೇಡ. ಅವರು ಕೋಡ್ ಓದಿದರೋ ಇಲ್ಲವೋ, ಕೂಲಂಟ್ ವಿಷಯ ಅಂದರೆ ಎಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವಿನ ಸೀಲ್, ಹೆಡ್ ಗ್ಯಾಸ್ಕೆಟ್ಟೇ ಹೋಗಿರಬೇಕು ಅಂತ ಕಾರಿನ ಬೆಲೆಯ ಅರ್ಧಕ್ಕೆ ಎಸ್ಟಿಮೇಟ್ ಬರೆದುಕೊಟ್ಟರು. “ಇದರಲ್ಲಿ ಒಂದು ಫ್ಲಾಸ್ಕ್ ಇದೆ, ಅದರ ವಾಲ್ವ್ ನೋಡಿ” ಅಂದರೆ ಕೌಂಟರ್‌ನವನು ನನ್ನನ್ನು ಹುಚ್ಚನ ಹಾಗೆ ನೋಡಿದ. ತುಂಬಾ ಸಿಟ್ಟು ಬಂತು. ರೀಡರ್‌ನಲ್ಲಿ ಕೋಡ್ ಕಣ್ಣೆದುರೇ ಇತ್ತು, ಪಿ1121, ಈ ವಾಲ್ವ್‌ನದ್ದೇ. ಕೊನೆಗೆ ಹೈಬ್ರಿಡ್ ಮಾತ್ರ ಮಾಡುವ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಬಾನೆಟ್ ಎತ್ತುವ ಮೊದಲೇ “ಫ್ಲಾಸ್ಕ್ ವಾಲ್ವ್ ಅಲ್ವಾ?” ಅಂತ ಕೇಳಿದ. ಹೊಸ ವಾಲ್ವ್, ಹೊಸ ಗುಲಾಬಿ ಬಣ್ಣದ ಕೂಲಂಟ್, ಪೈಪಿನೊಳಗೆ ಸಿಕ್ಕಿದ ಗಾಳಿ ಹೊರಹಾಕುವ ಕೆಲಸ, ಎಲ್ಲ ಸೇರಿ ಗ್ಯಾರೇಜಿನ ಎಸ್ಟಿಮೇಟಿನ ಒಂದು ಚೂರೂ ಆಗಲಿಲ್ಲ. ಕೂಲಂಟ್ ಬದಲಿಸುವಾಗ ಫ್ಲಾಸ್ಕ್ ಖಾಲಿ ಮಾಡುವುದು ಗೊತ್ತಿಲ್ಲದವರ ಕೈಗೆ ಈ ಗಾಡಿ ಕೊಡಲೇಬೇಡಿ. ಹಳೇ ಕೂಲಂಟ್ ಒಂದಿಷ್ಟು ಒಳಗೇ ಉಳಿಯುತ್ತದೆ, ಮೇಲಾಗಿ ಬಿಸಿ ಕೂಲಂಟ್ ಕೈಮೇಲೆ ಹಾರುತ್ತದೆ.

ಇದಾದ ಮೇಲೆ ನನ್ನ ಉತ್ಸಾಹ ಸ್ವಲ್ಪ ಇಳಿಯಿತು, ನಿಜ ಹೇಳಬೇಕು. ಸಾಮಾನ್ಯ ಕಾರಿನಲ್ಲಿ ಇಲ್ಲದ ಒಂದು ಭಾಗ ಇದೆ ಅಂದರೆ, ಸಾಮಾನ್ಯ ಕಾರಿಗೆ ಬರದ ಒಂದು ರೋಗವೂ ಇದೆ ಅಂತಲೇ ಲೆಕ್ಕ.

ಜನ ಕೇಳುವುದು ಮಾತ್ರ ಒಂದೇ ಪ್ರಶ್ನೆ: “ದೊಡ್ಡ ಬ್ಯಾಟರಿ ಹೋದ್ರೆ?” ನನ್ನದು ಇನ್ನೂ ಹೋಗಿಲ್ಲ. ಹಿಂದಿನ ಸೀಟಿನ ಪಕ್ಕ ಅದಕ್ಕೆ ಗಾಳಿ ಎಳೆಯುವ ಜಾಲರಿ ಇದೆ. ಅದರ ಮೇಲೆ ಜಾಕೆಟ್ ಎಸೆಯಬೇಡಿ, ಒಳಗಿನ ಫ್ಯಾನ್ ಆಗಾಗ ಬಿಚ್ಚಿ ಧೂಳು ತೆಗೆಯಿರಿ, ಅಷ್ಟೇ. ಇಲ್ಲಿ ಕೈಕೊಡುವುದು ಚಿಕ್ಕ 12 ವೋಲ್ಟ್ ಬ್ಯಾಟರಿ. ವಿಚಿತ್ರ ಏನಂದರೆ ಎಂಜಿನ್ ತಿರುಗಿಸುವುದು ಅದಲ್ಲ, ಆ ಕೆಲಸ ದೊಡ್ಡ ಬ್ಯಾಟರಿಯದ್ದು. ಅದಕ್ಕೇ ಪಕ್ಕದ ಮನೆಯ ಪಿಕಪ್ ಮುಕ್ಕರಿಯುತ್ತಾ ಸ್ಟಾರ್ಟ್ ಆಗುವ ಬೆಳಿಗ್ಗೆ ಇದು ಸದ್ದಿಲ್ಲದೆ ಎದ್ದು ನಿಲ್ಲುತ್ತದೆ. 2019ರ ಜನವರಿ ಕೊನೆಯಲ್ಲಿ ಪೋಲಾರ್ ವೋರ್ಟೆಕ್ಸ್, ಅಂದರೆ ಧ್ರುವದ ಕಡೆಯ ಅತಿ ತಣ್ಣನೆ ಗಾಳಿ ಬಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಆಗಿತ್ತು. ಅಂಚೆಯವರೂ ಟಪಾಲು ಹಂಚುವುದು ನಿಲ್ಲಿಸಿದ್ದರು. ನಾವೂ ಬಾಗಿಲು ಹಾಕಿ ಒಳಗೇ ಕೂತೆವು. ಹವೆ ಸುಧಾರಿಸಿದ ಮೇಲೆ ಹೋಗಿ ಒತ್ತಿದರೆ, ಬಂತು. ಚಿಕ್ಕ ಬ್ಯಾಟರಿಯ ಕೆಲಸ ಕಂಪ್ಯೂಟರ್‌ಗಳನ್ನು ಎಬ್ಬಿಸುವುದು ಮಾತ್ರ, ಆದರೆ ಅದು ಏಳಿಸದಿದ್ದರೆ ಏನೂ ಏಳಲ್ಲ. ಅದು ಇರುವುದು ಡಿಕ್ಕಿಯ ಬಲಮೂಲೆಯಲ್ಲಿ, ಡಿಕ್ಕಿ ತೆಗೆಯೋಕೆ ಬೇಕಾದದ್ದು ಕರೆಂಟು. ಬ್ಯಾಟರಿ ಸತ್ತರೆ ಬ್ಯಾಟರಿ ಹತ್ತಿರ ಹೋಗೋಕೇ ಆಗಲ್ಲ! ಉಪಾಯ ಇದು: ರಿಮೋಟ್ ಒಳಗಿನ ಲೋಹದ ಕೀಲಿ ಎಳೆದು ಡ್ರೈವರ್ ಬಾಗಿಲು ತೆಗೆಯಿರಿ, ಬಾನೆಟ್ ಎತ್ತಿ, ಫ್ಯೂಸ್ ಬಾಕ್ಸ್‌ನಲ್ಲಿ ಕೆಂಪು ಮುಚ್ಚಳದ ಕೆಳಗಿರುವ ಪಾಯಿಂಟಿಗೆ ಜಂಪ್ ಕೊಡಿ, ಅಂದರೆ ಹೊರಗಿನ ಬ್ಯಾಟರಿಯಿಂದ ಕರೆಂಟು ಕೊಡಿ. ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಖರ್ಚು ದೇವರಿಗೇ ಗೊತ್ತು, ಎರಡು ಸಲ ನೋಡಿ. ನಾನು ಅಂಗೈಯಗಲದ ಜಂಪ್ ಪ್ಯಾಕ್ ಒಂದನ್ನು ತಂದಿಟ್ಟಿದ್ದೇನೆ, ಅದನ್ನು ಡಿಕ್ಕಿಯಲ್ಲಿ ಇಡದೆ ಮನೆಯೊಳಗೆ ಇಟ್ಟುಕೊಳ್ಳಿ.

ಹಿಮದಲ್ಲಿ ಓಡಿಸುವುದು? ಚಳಿಗಾಲದ ಟೈರ್ ಹಾಕಿಸಿ, ಮಾತು ಮುಗಿಯಿತು. ಚಕ್ರ ಜಾರಿದ ಕೂಡಲೇ ಪವರ್ ಕಡಿಮೆ ಮಾಡುವ ಗಾಡಿ ಇದು, ಎಲ್ಲ ಕಾಲದ ಟೈರಿನಲ್ಲಿ ಐಸ್ ಏರು ಹತ್ತೋಕೆ ಹೋದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಟೈರ್ ಗಾಳಿ ಪ್ರತಿ ಐದಾರು ಡಿಗ್ರಿ ಇಳಿದಾಗ ಒಂದು ಪಿಎಸ್‌ಐ ಇಳಿಯುತ್ತದೆ, ಅದೂ ಮೈಲೇಜ್ ತಿನ್ನುತ್ತದೆ. ರಸ್ತೆ ಉಪ್ಪು ತಳವನ್ನು ತಿನ್ನುತ್ತದೆ, ಹವೆ ಸೊನ್ನೆ ದಾಟಿದ ದಿನವೆಲ್ಲ ಕೆಳಗಿನಿಂದ ತೊಳೆಯುವ ಕಾರ್ ವಾಷ್‌ಗೆ ಹೋಗಿ. ಇನ್ನೊಂದು, ಕಾರಿನ ಕೆಳಗೆ ಹೊಗೆ ಶುದ್ಧ ಮಾಡುವ, ಬೆಲೆಬಾಳುವ ಲೋಹ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಕದಿಯುವ ಕಳ್ಳರಿಗೆ ಈ ತಲೆಮಾರಿನ ಪ್ರಿಯಸ್ ಅಂದರೆ ಬಲು ಇಷ್ಟ. ಮಿನೆಸೋಟದಲ್ಲಿ 2023ರಲ್ಲಿ ಬಿಗಿ ಕಾನೂನು ಬಂದಿದೆ, ಆದರೂ ಬಯಲಲ್ಲಿ ನಿಲ್ಲಿಸುವವರು ಕೆಳಗೆ ಅಲ್ಯೂಮಿನಿಯಂ ತಗಡು ಹಾಕಿಸಿಕೊಳ್ಳುವುದು ಒಳ್ಳೆಯದು. ನಾನು ಹಾಕಿಸಿದ್ದೇನೆ.

ಹಾಗಾದರೆ ಕೊಳ್ಳಬಹುದಾ? ನಿಮ್ಮ ಓಡಾಟ ಎಷ್ಟು ದೂರ ಅನ್ನೋದರ ಮೇಲೆ ನಿಂತಿದೆ. ಜನವರಿಯಲ್ಲೂ ಡುಲೂತ್ ಕಡೆ ಹೈವೇಯಲ್ಲಿ ಎರಡು ಮೂರು ಗಂಟೆ ಓಡಿಸಿದರೆ ಎಂಜಿನ್ ಬಿಸಿಯಾಗಿಯೇ ಇರುತ್ತದೆ, ಹೀಟರ್ ಪುಕ್ಕಟೆ, ಗ್ಯಾಲನ್ನಿಗೆ ನಲವತ್ತರ ಹತ್ತಿರ ಬರುತ್ತದೆ, ಹೆಂಡತಿಯೂ ಟೋಪಿ ತೆಗೆಯುತ್ತಾಳೆ. ಮೇಪಲ್ ಗ್ರೋವ್ ದೇವಸ್ಥಾನಕ್ಕೆ ಹೋಗಿ ಬಂದರೂ ಪರವಾಗಿಲ್ಲ. ನನ್ನ ಹಾಗೆ ಐದಾರು ಮೈಲಿ ಆಫೀಸಿಗೆ, ಮತ್ತೆ ಸಂಜೆ ತರಕಾರಿಗೆ ಅಂತ ಓಡಾಡಿದರೆ ಮೂವತ್ತು ಬಂದರೆ ದೊಡ್ಡದು. ಅಷ್ಟನ್ನು ಚಿಕ್ಕ ಮಾಮೂಲಿ ಕಾರೂ ಕೊಡುತ್ತದೆ. ವರ್ಷಪೂರ್ತಿ ಲೆಕ್ಕ ಹಾಕಿದರೆ ಪ್ರಿಯಸ್ ಇನ್ನೂ ಮುಂದೆ, ಬೇಸಿಗೆಯ ಉಳಿತಾಯದಿಂದ. ಮನೆಗೆ ಗ್ಯಾರೇಜ್ ಇದ್ದರೆ ಈ ಕಥೆಯಲ್ಲಿ ಅರ್ಧ ನಿಮಗೆ ಬೇಡವೇ ಬೇಡ.

ಹಳೇದು ನೋಡೋಕೆ ಹೋದಾಗ ಬೆಳಿಗ್ಗೆಯೇ ಹೋಗಿ, ಮಾರುವವರಿಗೆ ಮೊದಲೇ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಬಾಗಿಲು ತೆಗೆದು ಎಡಗಡೆ ಕಿವಿಗೊಡಿ. ಗುಂಯ್ ಅಂದರೆ ಫ್ಲಾಸ್ಕಿನ ಪಂಪ್ ಜೀವಂತ ಇದೆ. ಆಮೇಲೆ ಬಗ್ಗಿ ತಳದ ತುಕ್ಕು ನೋಡಿ. ಪಂಪ್, ವಾಲ್ವ್, ಬ್ಯಾಟರಿ ಎಲ್ಲ ಬದಲಿಸಬಹುದು, ತಳ ಕೊರೆದುಹೋಗಿದ್ದರೆ ಎಷ್ಟೇ ಅಗ್ಗವಾದರೂ ವಾಪಸ್ ಬನ್ನಿ.